ಮೊದಲ ದಿನದ ಜಡೆ

ಹೊಸ ಕೆಲಸಕ್ಕೆ ಸೇರುವವರು ಕಾನೂನಿನಂತೆ ಹಳೆಯ ಕಸುಬನ್ನು ಕೈಯಿಂದಲೂ ತಲೆಯಿಂದಲೂ ತೆಗೆಸಿಕೊಂಡೇ ಹೋಗಬೇಕಿತ್ತು. ದಾಕ್ಷಾಯಿಣಿಯೂ ನಿನ್ನೆ ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಬಂದಿದ್ದಳು. ಹುಬ್ಬಳ್ಳಿಯ ಮದುವಣಗಿತ್ತಿಯರಿಗೆಲ್ಲ ಜಡೆ ಹೆಣೆದು ಹೆಸರಾದವಳು ಇಂದಿನಿಂದ ರೈಲು ಓಡಿಸುವವಳು. ಆದರೆ ಕನ್ನಡಿಯೆದುರು ಎಷ್ಟು ಹೆಣಗಿದರೂ ಅವಳ ಕೂದಲು ಜಡೆಯಾಗಲಿಲ್ಲ. ಬಿಚ್ಚುಗೂದಲಿನ ಮೇಲೆ ಸಮವಸ್ತ್ರದ ಟೋಪಿಯೂ ಕೂರಲಿಲ್ಲ.

"ರೈಲು ಓಡಸೂದು ಬಂತು, ಜಡಿ ಹಾಕೂದು ಹೋತು! ಇದೆಂಥಾ ಸುಡಗಾಡ ಕಾನೂನು!" ಎಂದು ಬಾಚಣಿಗೆಯನ್ನು ಗೋಡೆಗೆ ಎಸೆದಳು.

ಮಗಳು ಶೈಲಾ ಅದನ್ನು ಎತ್ತಿಕೊಂಡು ಬಂದಳು. "ಕೂಡು ಅವ್ವಾ, ನಾ ಹಾಕತೇನಿ."

"ನೀ ಹಾಕಿದ್ದು ಓಣಿ ದಾಟೂದರಾಗ ಬಿಚ್ಚತೈತಿ."

"ಬಿಚ್ಚಿದರ ಬಿಚ್ಚಲಿ. ಹೊತ್ತಾತು, ಕೂಡು."

ಶೈಲಾ ತಡವರಿಸುತ್ತ ಹೆಣೆದು ಮುಗಿಸಿದಳು. ದಾಕ್ಷಾಯಿಣಿ ಜಡೆಯನ್ನು ಮುಂದಕ್ಕೆಳೆದುಕೊಂಡು ಹೊರಳಿಸಿ ಹೊರಳಿಸಿ ನೋಡಿದಳು. ಇಷ್ಟು ವರ್ಷ ಮಗಳ ಹೆಣಿಗೆಯಲ್ಲಿ ತಪ್ಪು ಹಿಡಿದು, ಬಿಚ್ಚಿ ಮತ್ತೆ ಹಾಕುತ್ತಿದ್ದವಳಿಗೆ ಈಗ ಅದು ಸರಿಯೋ ತಪ್ಪೋ ತಿಳಿಯಲೇ ಇಲ್ಲ.

"ಖರೇ ಹೇಳು, ಚಲೋ ಬಂದೈತೇನು?" ಎಂದು ಮಗಳನ್ನೇ ಕೇಳಿದಳು.

"ಭಾಳ ಚಲೋ ಬಂದೈತಿ," ಎಂದಳು ಶೈಲಾ.

ದಾಕ್ಷಾಯಿಣಿ ಬೇರೆ ದಾರಿಯಿಲ್ಲದೆ ನಂಬಿ, ಟೋಪಿ ಹಾಕಿಕೊಂಡು ಹೊರಟಳು.