ಹಿಂಚಕ್ರದ ನಟ್ಟು

ಹಿರಿಯಳಿಯ ಬಂದವನೇ ಗಾಡಿಯ ಕಡೆ ನೋಡಲೂ ಇಲ್ಲ; ಚೀಲದಿಂದ ಬೆಸುಗೆಯ ಗ್ಯಾಸ್ ಬರ್ನರ್ ತೆಗೆದು ಮೆಟ್ಟಿಲ ಮೇಲಿಟ್ಟ. ದರ್ಜಿಗೆ ಅನುಮಾನ ಹುಟ್ಟಿದ್ದು ಅಲ್ಲೇ.

ದರ್ಜಿ ಆ ಮನೆಯ ಕಿರಿಯಳಿಯ. ಎರಡು ಭಾನುವಾರಗಳಿಂದ ಮಾವನ ಹಿತ್ತಿಲಲ್ಲಿ ಅವರ ಹಳೆಯ ಮೋಟಾರ್‌ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಗುದ್ದಾಡುತ್ತಿದ್ದ. ಬೇರಿಂಗ್ ಸವೆದು ಹಿಂಚಕ್ರ ಓಲಾಡುತ್ತಿತ್ತು. ಹೊಸದು ಹಾಕಲು ಚಕ್ರ ಬಿಚ್ಚಬೇಕು, ಚಕ್ರ ಬಿಚ್ಚಲು ಬೋಲ್ಟಿನ ತುದಿಯ ನಟ್ಟು ಬಿಡಬೇಕು. ಸೀಮೆಎಣ್ಣೆ ಸುರಿದ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟ, ಸ್ಪ್ಯಾನರಿಗೆ ಮಾರುದ್ದದ ಪೈಪು ತೊಡಿಸಿ ಅದರ ಮೇಲೆ ಹತ್ತಿ ನಿಂತೂ ನೋಡಿದ. ಅದು ಜಪ್ಪಯ್ಯ ಅನ್ನಲಿಲ್ಲ. “ಓಡೋ ಹಾಗೆ ಮಾಡ್ಕೊಂಡ್ರೆ ಗಾಡಿ ನಿಮ್ಮದೇ” ಎಂದಿದ್ದರು ಮಾವ. ಇಪ್ಪತ್ತು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತ ಹಿರಿಯಳಿಯನಿಗೆ ಆ ಮಾತು ಹೇಳಿರಲಿಲ್ಲ. ಅವನೀಗ ಕರೆಯದೆಯೇ ಬಂದಿದ್ದ.

“ಹುಷಾರು,” ಎಂದಳು ದರ್ಜಿಯ ಹೆಂಡತಿ, ಅಡುಗೆಮನೆಯ ಕಿಟಕಿಯಿಂದ ಪಿಸುದನಿಯಲ್ಲಿ. “ಭಾವ ಸುಮ್‌ಸುಮ್ನೆ ಬರೋರಲ್ಲ. ಬೋಲ್ಟ್ ಮುರಿದು ಕೈಗಿಟ್ಟು ಹೋದ್ರೆ ಆಮೇಲೆ ಗಾಡಿ ಗುಜರಿಗೇ.”

ದರ್ಜಿ ಹತ್ತಿರ ಹೋಗಿ ಕೂತ. “ಅಣ್ಣ, ಮೊದ್ಲು ಒಂದ್ಸಲ ಸ್ಪ್ಯಾನರ್ ಹಾಕಿ ನೋಡಲ್ವಾ?”

“ಬೇಡ. ಕಾಯಿಸಿದ್ರೇ ಬರೋದು.”

“ಮುಟ್ಟಿ ಕೂಡ ನೋಡ್ಲಿಲ್ಲ. ಹೇಗೆ ಗೊತ್ತಾಯ್ತು?”

ಹಿರಿಯಳಿಯ ಟಯರಿನ ಮೇಲೆ ಒದ್ದೆ ಗೋಣಿ ಹೊದಿಸಿ ಬರ್ನರ್ ಹಚ್ಚಿದ. ನೀಲಿ ಉರಿ ನಟ್ಟನ್ನು ಸುತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಒಂದು ವಾಸನೆ ಎದ್ದಿತು. ದರ್ಜಿಗೆ ಅದು ಚೆನ್ನಾಗಿ ಗೊತ್ತು: ಇಸ್ತ್ರಿಪೆಟ್ಟಿಗೆ ಹೆಚ್ಚು ಕಾದು ನೈಲಾನಿಗೆ ತಗುಲಿದರೆ ಹೀಗೇ ಬರುತ್ತದೆ. ತುಕ್ಕು ಸುಟ್ಟರೆ ಈ ವಾಸನೆ ಬರಲು ಸಾಧ್ಯವಿಲ್ಲ. ಹಿರಿಯಳಿಯ ಸ್ಪ್ಯಾನರ್ ಹಾಕಿ ಒತ್ತಿದ. ಎರಡು ಭಾನುವಾರ ಕದಲದ ನಟ್ಟು ಕರ್ರೆಂದು ಒಂದೇ ಸಲಕ್ಕೆ ತಿರುಗಿತು. ಅದರೊಳಗಿಂದ ಕೆಂಪು ಚೂರುಗಳು ಉದುರಿದವು.

“ಅಂಟು,” ಎಂದ ದರ್ಜಿ. “ಯಾರೋ ಬೇಕೂಂತ ಹಾಕಿದ್ದಾರೆ. ಯಾರಣ್ಣ?”

ಹಿರಿಯಳಿಯ ಬರ್ನರ್ ಆರಿಸಿ ಹಿಂಬಾಗಿಲ ಕಡೆ ನೋಡಿದ. “ನಾನೇ. ಎರಡು ವರ್ಷದ ಹಿಂದೆ.” ದನಿ ತಗ್ಗಿಸಿದ. “ಆವಾಗ್ಲೇ ಮಾವನ ಕಣ್ಣು ಮಂಜಾಗಿತ್ತು. ನಾನು ಹಿಂದೆ ಕೂತಿದ್ದೆ. ರಸ್ತೆ ದಾಟ್ತಿದ್ದ ಮಗು ಅವರಿಗೆ ಕಾಣಲೇ ಇಲ್ಲ. ಅದರ ತಾಯಿ ಎಳ್ಕೊಂಡ್ಳು, ಉಳೀತು. ಗಾಡಿ ಬಿಡಿ ಅಂದ್ರೆ ಕೇಳೋ ಪೈಕಿನಾ ಅವರು? ಬೇರಿಂಗ್ ಹೋಗಿದ್ದೇ ನೆಪ ಆಯ್ತು, ಚಕ್ರ ಬಿಚ್ಚೋಕೆ ಆಗದ ಹಾಗೆ ನಟ್ಟಿಗೆ ಅಂಟು ಹಾಕ್ದೆ. ಹೊರಗಿನ ಮೆಕ್ಯಾನಿಕ್ಕಿಗೆ ಕೈ ಹಾಕೋಕೆ ಅವರು ಬಿಡಲ್ಲ ಅಂತ ಗೊತ್ತಿತ್ತು.”

“ಆಮೇಲೆ?”

“ಒಂದು ವರ್ಷ ದಿನಾ ಬೆಳಿಗ್ಗೆ ಇಲ್ಲಿ ಕೂತು ತಿರುಗಿಸೋರು. ಬಂದಾಗೆಲ್ಲ ನಾನೂ ಪಕ್ಕ ಕೂತು ಎಣ್ಣೆ ಬಿಡ್ತಿದ್ದೆ. ಕೊನೆಗೊಂದಿನ, ಇನ್ನು ನನ್ನ ಕೈಯಲ್ಲಿ ಶಕ್ತಿ ಇಲ್ಲ ಅಳಿಯಂದ್ರೇ ಅಂದು ಸ್ಪ್ಯಾನರ್ ಕೆಳಗಿಟ್ರು. ಆವತ್ತಿಂದ ಕೋಲು ಹಿಡಿದ್ರು. ಇನ್ನು ಗಾಡಿ ಹತ್ತಲ್ಲ, ಬಿಚ್ಚಿಕೊಡಬಹುದು ಅಂತ ಬಂದೆ.”

ದರ್ಜಿ ನಟ್ಟನ್ನು ನೋಡಿದ. ಅದರ ಆರೂ ಮೂಲೆಗಳು ತಿಂದುಹಾಕಿದಂತೆ ಸವೆದಿದ್ದವು. ಎರಡು ಭಾನುವಾರಕ್ಕೆ ಆಗುವ ಸವೆತವಲ್ಲ ಅದು.

“ಬಂತಾ?” ಮಾವನ ದನಿ. ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಇಳಿದು ಬಂದಿದ್ದರು. “ಎಲ್ಲಿ, ಕೊಡಿ ನೋಡೋಣ.”

ಹಿರಿಯಳಿಯ ಹಿಂದೆ ಸರಿದು ಗೋಡೆಗೆ ಒರಗಿದ. ದರ್ಜಿ ನಟ್ಟನ್ನು ಸ್ಪ್ಯಾನರಿನಿಂದ ಪೂರ್ತಿ ಬಿಚ್ಚಿ ಬಕೆಟ್ಟಿನ ನೀರಿಗೆ ಹಾಕಿ ತಣಿಸಿದ. ಉಗುರಿನಿಂದ ಕೆಂಪು ಚೂರುಗಳನ್ನು ಕೆರೆದು, ಅಂಗಿಯ ತುದಿಯಲ್ಲಿ ಒರೆಸಿ, ಮಾವ ಚಾಚಿದ ಅಂಗೈಯಲ್ಲಿಟ್ಟ.

“ತುಕ್ಕು ಹಿಡಿದಿತ್ತು ಮಾವ. ಕಾಯಿಸಿದ್ದಕ್ಕೆ ಬಂತು.”

ಮಾವ ಕಿರುಬೆರಳನ್ನು ನಟ್ಟಿನೊಳಗೆ ತೂರಿಸಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಮತ್ತೊಂದು ಸುತ್ತು. ತುಕ್ಕಿನ ಒರಟು ಬೆರಳಿಗೆ ಎಲ್ಲೂ ತಗುಲಲಿಲ್ಲ. ಅವರ ಮುಖ ಮಾತ್ರ ದರ್ಜಿಯ ಕಡೆಗಿರಲಿಲ್ಲ. ಹಿರಿಯಳಿಯ ಒರಗಿ ನಿಂತಿದ್ದ ಗೋಡೆಯ ಕಡೆಗಿತ್ತು.