ಹಗ್ಗ ಹಿಡಿದ ಕೈ

ನೆಲವೆಲ್ಲ ಇನ್ನೂ ನೆಲವಾಗಿಯೇ ಇದ್ದ ಕಾಲದಲ್ಲಿ ಒಂದು ದೊಡ್ಡ ಪಟ್ಟಣವಿತ್ತಂತೆ. ಈಗ ಅದರ ಮೂರನೇ ಮಹಡಿಯವರೆಗೂ ಕಡಲು. ಅಲ್ಲಿಗೆ ಹೋದವರು ದೋಣಿಯನ್ನು ಯಾವುದಾದರೊಂದು ಮನೆಯ ಕಿಟಕಿಗೇ ಕಟ್ಟಬೇಕು. ಹಗ್ಗ ಹಿಡಿದುಕೊಂಡ ಮನೆಯವರೇ ಅದನ್ನು ಬಿಚ್ಚಬೇಕು. ಹಗ್ಗ ಕಡಿದ ದೋಣಿಯನ್ನು ಕಾವಲಿನವರು ಊರಾಚೆ ಬಿಡುವುದಿಲ್ಲ.

ವಾರಿಜಳ ದೊಡ್ಡಮ್ಮ ಬೇಬಿ ಸಿಕ್ಕಿಬಿದ್ದದ್ದು ಹಾಗೆ. ಅವಳ ಹಗ್ಗ ಹಿಡಿದ ಮುದುಕಿ ತೀರಿಕೊಂಡಿದ್ದಳು. ಬಿಚ್ಚುವ ಕೈಯಿಲ್ಲದೆ ದೊಡ್ಡಮ್ಮ ವರ್ಷಗಟ್ಟಲೆ ಆ ಮನೆಯಲ್ಲೇ ಉಳಿದಳು. "ದೊಡ್ಡಮ್ಮನನ್ನು ಕರ್ಕೊಂಡೇ ಬರ್ತೇನಜ್ಜಿ" ಎಂದು ವಾರಿಜ ಮನೆಯಲ್ಲಿ ಅಜ್ಜಿಗೆ ಮಾತು ಕೊಟ್ಟು ಹೊರಟಿದ್ದಳು.

ಓಣಿಯುದ್ದಕ್ಕೂ ಕಿಟಕಿಗಳಿಂದ ಕೈಗಳು ಚಾಚಿದವು. "ಇಲ್ಲಿ ಕಟ್ಟು ಮಗಾ, ಬಿಸಿ ಗಂಜಿ ಉಂಟು!" ಒಂಟಿಯಾಗಿರುವ ಆ ಮನೆಗಳವರು ಒಮ್ಮೆ ಕಟ್ಟಿಸಿಕೊಂಡರೆ ಬಿಡುವುದು ಅಪರೂಪ. ಕೆಳಗೆ ಪಾಚಿಗಟ್ಟಿದ ದೋಣಿಗಳು ತೂಗುತ್ತಿದ್ದವು. ವಾರಿಜ ಹಗ್ಗವನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಹುಟ್ಟು ಹಾಕಿದಳು.

ಕೊನೆಯ ಕಿಟಕಿಯಲ್ಲಿ ದೊಡ್ಡಮ್ಮ ಕೂತಿದ್ದಳು. ವಾರಿಜ ಅವಳತ್ತ ಹಗ್ಗ ಎಸೆದಳು.

"ನಿಂಗೆ ತಲೆ ಸಮ ಉಂಟಾ ಮಾರಾಯ್ತಿ? ಯಜಮಾನಿ ಸತ್ತ ಮನೆಗೆ ಯಾರಾದ್ರೂ ದೋಣಿ ಕಟ್ತಾರಾ? ನೀನೂ ಇಲ್ಲೇ ಕೊಳೀತಿ!"

"ನೆಂಟರ ಹಗ್ಗ ಹಿಡಿದವರೇ ಮನೆಯವರಲ್ವಾ ದೊಡ್ಡಮ್ಮ? ಹಿಡೀರಿ. ಕಟ್ಟಿ."

ದೊಡ್ಡಮ್ಮ ಗಂಟು ಹಾಕಿದಳು. ಆಮೇಲೆ, ಯಾರೋ ಹೇಳಿಕೊಟ್ಟ ಹಾಗೆ, "ಊಟ ಆಯ್ತಾ?" ಎಂದಳು.

ಹಾದುಹೋಗುತ್ತಿದ್ದ ಕಾವಲಿನವನು ಹುಟ್ಟು ನಿಲ್ಲಿಸಿ ನೋಡಿದ.

"ಓ, ಈ ಮನೆಗೂ ಯಜಮಾನಿ ಬಂದಳಲ್ಲ" ಎಂದು ಗೊಣಗಿ ಅವನು ಮುಂದೆ ಹೋದ.

ದೊಡ್ಡಮ್ಮ ಮೊದಲು ನೆಂಟರ ಗಂಟು ಬಿಚ್ಚಿದಳು. ಆಮೇಲೆ ಅದೇ ಕೈಯಲ್ಲಿ ತನ್ನ ದೋಣಿಯದು.