ವಾಪಸ್ ಬಂದ ಖಣ

ಬೆಳಗ್ಗೆ ಎದ್ದಕೂಡಲೇ ಹೂವಿನ ಫೋಟೋ ಕಳಿಸುವ ಬಂಧುಗಳೇ... ಇವತ್ತೊಂದು ದಿನ ಹೂವು ಬಿಡಿ, ಇದನ್ನು ಓದಿ.

ದೇಶದ ಈಶಾನ್ಯದ ತುದಿ. ಅಲ್ಲಿಂದ ಪಕ್ಕದ ದೇಶಕ್ಕೆ ಹೊಸ ಹೈವೇ ಆಗುತ್ತಿತ್ತು.

ಎಂಜಿನಿಯರ್ ನಮ್ಮವನೇ... ಗುಳೇದಗುಡ್ಡದ ಗುರುಶಾಂತ. ಅಂಗೈಯಲ್ಲಿ ಅರಮನೆ ತೋರಿಸುವ ಆಸಾಮಿ!

ಹೈವೇ ಹಾಯಬೇಕಾದದ್ದು ನೈಕಿಮ್ ಎಂಬ ಮುದುಕಿಯ ಅನಾನಸ್ ತೋಟದಲ್ಲಿ. ಆಕೆ ಸುತರಾಂ ಒಪ್ಪಲಿಲ್ಲ.

ಆಕೆಯ ಒಬ್ಬಳೇ ಮಗಳು ಹೊಯಿನುವನ್ನು ಕೊಟ್ಟದ್ದು ಹಳ್ಳದ ಆಚೆಯ ಊರಿಗೆ. ಅದು ಬೇರೆ ದೇಶ... ಆದರೆ ತಾಯಿ-ಮಗಳಿಗೆ ಅದ್ಯಾವ ಲೆಕ್ಕ? ತೋಟದ ಕಾಲುದಾರಿ ಇಳಿದು ಹಳ್ಳ ದಾಟಿದರೆ ಆಯಿತು. ಒಲೆಯಿಂದ ಇಳಿಸಿದ ಸಾರು ಆರುವುದರೊಳಗೆ ಮಗಳ ಮನೆ ಮುಟ್ಟಬಹುದಿತ್ತು.

"ರಸ್ತೆ ಆದ್ರೆ ನನ್ನ ಮಗಳು ಹೇಗೆ ಬರ್ತಾಳೆ?" ಹರುಕುಮುರುಕು ಹಿಂದಿಯಲ್ಲಿ ಮುದುಕಿಯದು ಇದೊಂದೇ ಪ್ರಶ್ನೆ.

"ರಸ್ತೆ ಕೆಳಗೆ ನಿಮಗಂತಲೇ ಅಂಡರ್‌ಪಾಸ್ ಬಿಡ್ತೀನಿ" ಅಂದ ಗುರುಶಾಂತ. ಆಕೆ ನಂಬಲಿಲ್ಲ.

ಆಗ ಅವನು ಊರಿನಿಂದ ಹೆಂಡತಿ ಸುವರ್ಣಾಳನ್ನು ಕರೆಸಿದ. ಪಾಪ, ಅವಳಿಗೆ ಗಂಡ ಹೇಳಿದ್ದೇ ವೇದವಾಕ್ಯ.

ರವಿಕೆಗೆಂದು ಕೆಂಪು ಖಣ, ಅಕ್ಕಿ, ತೆಂಗಿನಕಾಯಿ, ಅರಿಷಿಣ-ಕುಂಕುಮ... ಬಸುರಿ ಹೊಯಿನುವನ್ನು ಮಣೆಯ ಮೇಲೆ ಕೂರಿಸಿ ಸುವರ್ಣಾ ಉಡಿ ತುಂಬಿದಳು.

"ಇದೇನಿದು?" ನೈಕಿಮ್ ಕೇಳಿದಳು.

"ನಮ್ಮ ಕಡೆ ತವರಿನವರು ಮಗಳಿಗೆ ಹೀಗೆ ಉಡಿ ತುಂಬ್ತಾರೆ ಅವ್ವಾ. ಇವತ್ತಿಂದ ಹೊಯಿನು ನಮ್ಮ ಮನೆ ಹೆಣ್ಮಗಳು" ಅಂದಳು ಸುವರ್ಣಾ.

"ತಂಗಿ ತವರಿಗೆ ಬರೋ ದಾರಿ ಅಣ್ಣ ಮುಚ್ಚತಾನೇನು?" ಅಂತ ಗುರುಶಾಂತ ನಕ್ಕ.

ಮುದುಕಿ ಅವತ್ತೇ ತೋಟ ಬಿಟ್ಟುಕೊಟ್ಟಳು. ಹೊರಟವರ ಕೈಗೆ ಹಣ್ಣು ಬೇರೆ ಕೊಯ್ದು ಕೊಟ್ಟಳು!

ವರ್ಷ ಕಳೆದು ಉದ್ಘಾಟನೆ ಬಂತು. ಬ್ಯಾಂಡು, ಶಾಮಿಯಾನ, "ಎರಡು ದೇಶ ಬೆಸೆದ ಹೆದ್ದಾರಿ" ಅಂತ ದೊಡ್ಡ ಬ್ಯಾನರ್. ಗುರುಶಾಂತನಿಗೆ ಶಾಲು, ಸನ್ಮಾನ.

ಸುವರ್ಣಾ ಹೊಯಿನುವಿನ ಕೂಸಿನ ತಲೆಗೆಂದು ಕುಲಾಯಿ ಹೊಲಿದು ತಂದಿದ್ದಳು. ಅಂಡರ್‌ಪಾಸ್ ಹುಡುಕುತ್ತಾ ರಸ್ತೆಯ ಅಂಚಿಗೇ ನಡೆದಳು... ನಡೆದಳು... ಎಲ್ಲೂ ಇಲ್ಲ. ರಸ್ತೆಯ ಜೊತೆಗೇ ಹಳ್ಳದ ಉದ್ದಕ್ಕೂ ಆಳೆತ್ತರದ ತಂತಿಬೇಲಿ ಎದ್ದಿತ್ತು.

ಬೇಲಿಯ ಈಚೆ ನೈಕಿಮ್. ಆಚೆ ಹೊಯಿನು, ಕಂಕುಳಲ್ಲಿ ಕೂಸು. ಅಜ್ಜಿ ತಂತಿಯೊಳಗೆ ಬೆರಳು ತೂರಿಸಿ ಮೊಮ್ಮಗುವಿನ ಪಾದ ಸವರುತ್ತಿದ್ದಳು. ಹುಟ್ಟಿದಾಗಿನಿಂದ ಒಮ್ಮೆಯೂ ಎತ್ತಿಕೊಂಡಿಲ್ಲ!

ದಾಟಬೇಕೆಂದರೆ ದೂರದ ಗೇಟಿನಲ್ಲಿ ಪಾಸ್‌ಪೋರ್ಟ್ ತೋರಿಸಬೇಕಂತೆ. ಅನಾನಸ್ ಬೆಳೆಯುವ ಮುದುಕಿಗೆ ಎಲ್ಲಿಯ ಪಾಸ್‌ಪೋರ್ಟ್?

ಸುವರ್ಣಾ ಶಾಮಿಯಾನಕ್ಕೆ ಓಡಿದಳು. "ರೀ, ಅಂಡರ್‌ಪಾಸ್ ಎಲ್ಲೈತ್ರಿ?"

"ಪ್ಲ್ಯಾನಿನ್ಯಾಗ ಅದು ಮೊದಲಿಂದನೂ ಇರ್ಲಿಲ್ಲ ಬಿಡು. ಹಂಗ ಹೇಳದಿದ್ರ ಮುದುಕಿ ಜಾಗ ಬಿಡತಿದ್ಲೇನು?"

"ಅಂದ್ರ... ನನ್ನ ಕೈಲೆ ಉಡಿ ತುಂಬಿಸಿದಾಗೂ ನಿಮಗ ಗೊತ್ತಿತ್ತು?"

ಗುರುಶಾಂತ ಶಾಲು ಸರಿಪಡಿಸಿಕೊಂಡ. ಎಂಥಾ ಮನುಷ್ಯ ನೋಡಿ! ದೇವರ ಮುಂದೆ ಇಡುವಂಥ ಉಡಿಯನ್ನೇ ಗಾಳ ಮಾಡಿಕೊಂಡಿದ್ದ.

ಸುವರ್ಣಾ ಬೇಲಿಯ ಹತ್ತಿರ ಮರಳಿ ಬಂದಳು. "ನನಗೂ ಗೊತ್ತಿರಲಿಲ್ಲ ಅವ್ವಾ" ಅಂದಳು ತಲೆ ತಗ್ಗಿಸಿ.

ಹೊಯಿನು ಮಡಿಸಿದ ಕೆಂಪು ಖಣವನ್ನು ತಂತಿಯ ಸಂದಿಯಿಂದ ಅವ್ವನಿಗೆ ದಾಟಿಸಿದಳು. ಇನ್ನೂ ಹೊಲಿಸಿರಲಿಲ್ಲ.

"ಕೂಸು ಎತ್ಕೊಂಡು ತವರಿಗೆ ಬರೋ ದಿನ ತೊಡೋಣ ಅಂತ ಇಟ್ಟಿದ್ದೆ ಅಕ್ಕಾ... ಆ ದಿನ ಬರಲ್ಲ."

ನೈಕಿಮ್ ಬೈಯಲಿಲ್ಲ. ಅಂದು ನೋಡಿ ಕಲಿತಂತೆಯೇ ಸುವರ್ಣಾಳ ಸೆರಗು ಬಿಡಿಸಿ, ಖಣವನ್ನು ಅದರಲ್ಲಿಟ್ಟಳು.

"ಇಟ್ಕೋ ಮಗಳೇ. ನಿನಗೂ ಮೋಸ ಆಗಿದೆ. ನಿನ್ನ ತವರಿನ ದಾರಿಯಾದರೂ ತೆರೆದಿರಲಿ."

ಸುವರ್ಣಾ ಅಲ್ಲೇ ಕುಸಿದು ಗಳಗಳನೆ ಅತ್ತಳು. ಅತ್ತ ವೇದಿಕೆಯಲ್ಲಿ ಚಪ್ಪಾಳೆ ನಡೆದೇ ಇತ್ತು...

ದೇಶಕ್ಕೆ ದೇಶ ಬೆಸೆದರೇನು ಬಂತು, ನಂಬಿದ ತಾಯಿಗೆ ಕೊಟ್ಟ ಮಾತು ಉಳಿಸಿಕೊಳ್ಳದ ಮೇಲೆ?

ನಿಮ್ಮ ಮಾತು ನಂಬಿ ತಮ್ಮದನ್ನು ಬಿಟ್ಟುಕೊಟ್ಟವರು ಇಂದು ಯಾವ ಬೇಲಿಯ ಬಳಿ ನಿಂತಿದ್ದಾರೆ... ಒಮ್ಮೆ ಹೋಗಿ ನೋಡಿದ್ದೀರಾ?